ತಿರುಮಲಮ್ಮನ ಕಾಲು ದಪ್ಪ ಮಾಡಿದ ಚೆಲುವ

ಒಂದೂರು ಅನ್ನಿ, ಆ ಊರಲ್ಲೊಬ್ಬಳು ಬಳೆಗಾರ್ತಿ ಅನ್ನಿ, ಹೆಸರು ತಿರುಮಲಮ್ಮ. ಅವಳಿಗೊಬ್ಬ ಮಗ, ಚೆಲುವ. ಆಳು ಗಟ್ಟಿಮುಟ್ಟು, ತಲೆ ಮಾತ್ರ ಪೂರಾ ಖಾಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಕಷ್ಟ! "ಹಾಲು ಉಕ್ಕಿದ್ರೆ ಕರಿಯೋ" ಅಂದರೆ, ಹಾಲೆಲ್ಲ ಉಕ್ಕಿ ಒಲೆ ಆರುವ ತನಕ ನೋಡಿ, ಆಮೇಲೆ ಕರೆಯುವ ಜಾತಿ. "ನಾನಿಲ್ದಿದ್ರೆ ನಿನ್ನ ಗತಿ ಏನೋ!" ಅಂತ ತಾಯಿ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಬಳೆ ಪೋಣಿಸಿದ ಮಲಾರ ಹೆಗಲಿಗೇರಿಸಿ ಊರೂರು ಸುತ್ತುತ್ತಿದ್ದ ಹೆಂಗಸು, ವಯಸ್ಸಾಗಿ ಈಗ ಹೊಸ್ತಿಲು ದಾಟುವಾಗಲೂ ತಡವರಿಸುತ್ತಿದ್ದಳು. ಊರಿಗೆ ಬರುವ ನರ್ಸಮ್ಮ ಸುಲೋಚನಾ ಅವಳ ಮೀನಖಂಡಕ್ಕೆ ಟೇಪು ಸುತ್ತಿ ಅಳೆದು, ಮುಖ ಸಣ್ಣ ಮಾಡಿದಳು.

"ವಯಸ್ಸಾದ ಹೆಂಗಸರ ಬಲ ಎಷ್ಟು ಅಂತ ಈ ಮೀನಖಂಡಾನೇ ಹೇಳುತ್ತೆ ತಿರುಮಲಮ್ಮ. ನಿಮ್ದು ಸೊರಗಿದೆ. ಹಿಂಗೇ ಬಿಟ್ರೆ ಎಲ್ಲಾದ್ರೂ ಬಿದ್ದು ಸೊಂಟ ಮುರ್ಕೋತೀರ. ಆಮೇಲೆ ಮಲಾರನೂ ಇಲ್ಲ, ಊರು ಸುತ್ತೋದೂ ಇಲ್ಲ!"

"ಬಿಡಲ್ಲ ಕಣಮ್ಮ! ನಾನು ಮೂಲೆ ಸೇರಿದ್ರೆ ಈ ಪೆದ್ದನ್ನ ಸಾಕೋರ್ಯಾರು?"

ನರ್ಸಮ್ಮ ಒಂದು ಕೆಂಪು ದಾರವನ್ನು, ಮೀನಖಂಡ ಇರಬೇಕಾದ ಅಳತೆಗೆ ಗಂಟು ಹಾಕಿ ಕಾಲಿಗೆ ತೊಡಿಸಿದಳು. ಅದು ಸರ್ರನೆ ಜಾರಿ ಪಾದದ ಮೇಲೆ ಬಿತ್ತು. "ಚೆಲುವ, ಮುಂದಿನ ತಿಂಗಳು ಬರ್ತೀನಿ. ಅಷ್ಟರಲ್ಲಿ ಈ ದಾರ ಬಿಗಿಯಾಗಿ ಕೂರ್ಬೇಕು!"

"ಆಗ್ಲಿ ಬುಡಿ!" ಅಂದ ಚೆಲುವ. ಅವನು ಬಳೆಗಾರ್ತಿಯ ಮಗ ತಾನೆ? ಬಳೆ ಸಡಿಲವಾದರೆ ಕೈ ಬದಲಾಯಿಸುತ್ತಾರಾ? ಚಿಕ್ಕ ಬಳೆ ತೊಡಿಸುತ್ತಾರೆ! ಅವ್ವ ಮಧ್ಯಾಹ್ನ ಮಲಗಿದ್ದಾಗ ದಾರ ಬಿಚ್ಚಿ, ಗಿಡ್ಡ ಮಾಡಿ, ಹಲ್ಲು ಕಚ್ಚಿ ಎಳೆದು ಕಟ್ಟಿದ. ಅವಳು ಎದ್ದು ನೋಡಿದರೆ ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿದೆ!

"ಅಯ್ಯೋ ಮುಂಡೇದೇ! ದಾರ ಚಿಕ್ಕದು ಮಾಡೋದಲ್ವೋ, ಕಾಲು ದಪ್ಪ ಆಗ್ಬೇಕು! ಈ ಕಾಲಿಗೆ ಮುದ್ದೆ ಬೇಕು, ಹುರುಳಿಕಾಳು ಬೇಕು, ಮೊಟ್ಟೆ ಬೇಕು!"

"ಅಷ್ಟೇ ತಾನೆ? ಮೊದ್ಲೇ ಹೇಳ್ಬಾರ್ದಾ!"

ಮಾರನೆಯ ದಿನ ಅವ್ವ ಮಲಗಿದ್ದೇ ತಡ, ಚೆಲುವ ಬಿಸಿ ಆರಿದ ಮುದ್ದೆ ತಂದು ಮೀನಖಂಡಕ್ಕೆ ಮೆತ್ತಿದ. ಮೇಲೆ ಹುರುಳಿಕಾಳು ಅಂಟಿಸಿದ. ಅದರ ಮೇಲೊಂದು ಮೊಟ್ಟೆ ಒಡೆದು ಸವರಿದ. ಕಾಲು ಭರ್ಜರಿ ದಪ್ಪ! ಅಷ್ಟರಲ್ಲಿ ಬೀದಿಯ ಕೋಳಿಗಳೆಲ್ಲ ನುಗ್ಗಿ ಕುಕ್ಕಿದವು ನೋಡಿ, ತಿರುಮಲಮ್ಮ ಕೂಗಿದ್ದು ಊರಾಚೆಗೂ ಕೇಳಿತು.

"ಬಾಯಿಗೆ ಕಣೋ, ನನ್ನ ಬಾಯಿಗೆ! ತಿಂದು ಊರೂರು ಸುತ್ತಿದ್ರೆ ಕಾಲು ತಾನಾಗೇ ತುಂಬ್ಕೊಳ್ಳುತ್ತೆ. ನೀನು ನನ್ನ ಬೀಳೋಕೆ ಬಿಡಬೇಡ, ಅಷ್ಟು ಸಾಕು!"

"ಬೀಳೋಕೆ ಬಿಡ್ತೀನಾ? ಖಂಡಿತಾ ಬಿಡಲ್ಲ!"

ಬೆಳಗಾಯಿತು. ತಿರುಮಲಮ್ಮ ಮುದ್ದೆ ಉಂಡು, ಮೊಟ್ಟೆ ತಿಂದು, ಗಟ್ಟಿ ಮನಸ್ಸು ಮಾಡಿ ಹೊರಟಳು. ಚೆಲುವ ಗಬಕ್ಕನೆ ಅವಳನ್ನು ಎತ್ತಿ ಬೆನ್ನ ಮೇಲೆ ಕೂರಿಸಿಕೊಂಡ.

"ಇಳಿಸೋ!"

"ಇಳಿಸಿದ್ರೆ ಬೀಳ್ತೀಯಾ!"

"ಇಳಿಸೋ ಅಂದ್ರೆ!"

"ಬೀಳ್ತೀಯಾ ಅಂದ್ರೆ!"

ಅವಳು ತಲೆಗೆ ಮೊಟಕಿದಳು, ಕಿವಿ ಹಿಂಡಿದಳು. ಊಹೂಂ! ಹೊಲ ದಾಟಿದ, ಹಳ್ಳ ದಾಟಿದ, ಊರಿಂದೂರಿಗೆ ಹೊತ್ತ. ಬಳೆ ತೊಡುವ ಹೆಂಗಸರು ಜಗಲಿ ಹತ್ತಿ ನಿಂತು ಅವಳ ಮುಂದೆ ಕೈ ಚಾಚಬೇಕಾಯಿತು. ತಿಂಗಳೆಲ್ಲ ಇದೇ ಪಾಡು.

ನರ್ಸಮ್ಮ ಬಂದಳು. ಹೊಸ ದಾರಕ್ಕೆ ಅದೇ ಅಳತೆಯ ಗಂಟು ಹಾಕಿ ತೊಡಿಸಿದಳು. ಸರ್ರನೆ ಜಾರಿತು!

"ಏನ್ ತಿರುಮಲಮ್ಮ, ಹೊಟ್ಟೆಗೆ ತಿನ್ಲಿಲ್ವಾ?"

"ತಿಂದೆ ಕಣಮ್ಮ! ಇವನು ನೆಲಕ್ಕೆ ಕಾಲಿಡೋಕೆ ಬಿಡ್ಲಿಲ್ಲ!"

"ನಡೀದಿದ್ರೆ ತಿಂದದ್ದು ಕಾಲಿಗೆ ಹತ್ತೋದು ಹೆಂಗೆ?"

ಚೆಲುವ ನಕ್ಕ. "ಅಲ್ಲಿ ಯಾಕೆ ಕಟ್ತೀರಿ ನರ್ಸಮ್ಮ? ಇಲ್ಲಿ ಕಟ್ಟಿ!" ಅಂತ ತನ್ನ ಕಾಲು ಚಾಚಿ ಕೂತ. ಕಲ್ಲಿನಂಥ ಮೀನಖಂಡ, ದಾರ ಪಾದವನ್ನೇ ದಾಟಲಿಲ್ಲ. "ನೋಡಿದ್ರಾ? ತಿಂಗಳೆಲ್ಲ ಅವ್ವ ಊರು ಸುತ್ತಿದ್ದು ಈ ಕಾಲಲ್ಲೇ. ಇನ್ಮೇಲೆ ಅವ್ವನ ಕಾಲು ಅಂದ್ರೆ ಇವೇ!"

ತಿರುಮಲಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನಗಾಗಿ ಬೆನ್ನು ಸವೆಸಿದನಲ್ಲ ಅಂತ ಕರುಳು ಚುರ್ ಅಂದಿತು. ಆದರೆ ಸೊರಗಿದ ತನ್ನ ಕಾಲು ನೋಡಿಕೊಂಡಳು, ಹಟ ಬಂತು. ನೆಲಕ್ಕೆ ಕೈಯೂರಿ ಎದ್ದಳು. ಕಾಲು ನಡುಗಿತು. ನಡುಗಲಿ ಅಂತ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಅಂಗಳ ದಾಟಿ ಬೀದಿಗೆ ಇಳಿದೇಬಿಟ್ಟಳು.

ಚೆಲುವ ಚಾಚಿದ ಕಾಲು ಚಾಚಿಕೊಂಡೇ ಗಾಬರಿಯಿಂದ ಕೂಗಿದ:

"ಅವ್ವಾ! ಅವ್ವಾ! ನಿನ್ನ ಕಾಲು ಇಲ್ಲೇ ಬಿಟ್ಟು ಹೋಗ್ತಿದೀಯಲ್ಲೇ!"