ಜಾರಪ್ಪನ ಮೀಸೆಗೆ ಅಂಟಿದ ಹುರುಪೆ

ಮಕ್ಕಳೇ, ಒಂದು ದೊಡ್ಡ ಕಾಡಿನ ನಡುವೆ ಒಂದು ಕೆರೆ ಇತ್ತು. ಕೆರೆಯ ಒಂದು ಬದಿ ಆಳವಾದ ಮಡು. ಅಲ್ಲಿ ಮಡುವಯ್ಯ ಎಂಬ ಮೊಸಳೆಯ ವಾಸ. ಇನ್ನೊಂದು ಬದಿ ಮೊಣಕಾಲು ಮುಳುಗುವಷ್ಟೇ ನೀರು. ಅದನ್ನು ಎಲ್ಲರೂ ತಿಳಿದಂಡೆ ಎನ್ನುತ್ತಿದ್ದರು. ಕಾಡಿನ ಮರಿಗಳೆಲ್ಲ ನೀರು ಕುಡಿಯುವುದು ಅಲ್ಲೇ. ಮೊಸಳೆ ತಿಳಿದಂಡೆಗೆ ಬರಕೂಡದೆಂದು ಕಾಡಿನ ಮಹಾಸಭೆ ಕಾನೂನು ಮಾಡಿತ್ತು.

ಮಹಾಸಭೆಗೆ ಪ್ರತಿ ಕುಲದಿಂದಲೂ ಒಬ್ಬ ಸದಸ್ಯ. ಅವರೆಲ್ಲ ಸೇರುತ್ತಿದ್ದುದು ಮಡುವಿನ ದಡದ ದೊಡ್ಡ ಬಂಡೆಯ ಮೇಲೆ. ಕಡವೆಗಳ ಪರವಾಗಿ ಕೆಂಚಕ್ಕ, ನೀರುನಾಯಿಗಳ ಪರವಾಗಿ ಜಾರಪ್ಪ. ಈ ಕಾನೂನು ಬರುವ ಮೊದಲು ಕೆಂಚಕ್ಕನ ಚೊಚ್ಚಲ ಮರಿ ತಿಳಿದಂಡೆಗೆ ನೀರು ಕುಡಿಯಲು ಹೋದದ್ದು ಮರಳಿ ಬಂದಿರಲಿಲ್ಲ. ಆಗ ಅವಳ ಪಕ್ಕದಲ್ಲೇ ಕುಳಿತು ಸಮಾಧಾನ ಮಾಡಿದವನು ಜಾರಪ್ಪ. ಆಮೇಲೆ ಸಭೆಯಲ್ಲಿ ಎದ್ದು ನಿಂತು ಕಾನೂನು ಮಾಡಿಸಿದವನೂ ಅವನೇ. ಈಗ ಕೆಂಚಕ್ಕನಿಗೆ ಇನ್ನೊಂದು ಪುಟ್ಟ ಮರಿಯಿತ್ತು.

ಇತ್ತೀಚೆಗೆ ಜಾರಪ್ಪ ನೀರಿಗಿಳಿದದ್ದನ್ನು ಅವಳು ಕಂಡಿರಲಿಲ್ಲ. ಅವನ ಮೈಯ ಕೂದಲೆಲ್ಲ ಧೂಳು. ಹೊಟ್ಟೆ ಮಾತ್ರ ಗುಂಡಗಾಗುತ್ತಿತ್ತು.

"ಏನಪ್ಪಾ, ಈಜುವುದನ್ನೇ ಬಿಟ್ಟೆಯಾ?" ಎಂದು ಕೇಳಿದ್ದಳು.

"ಸಭೆಯ ಕೆಲಸ ಅಕ್ಕಾ, ಪುರುಸೊತ್ತೇ ಇಲ್ಲ" ಎಂದಿದ್ದ ಜಾರಪ್ಪ.

ಆ ಬೇಸಿಗೆಯಲ್ಲಿ ಮಡುವಯ್ಯ ಸಭೆಗೆ ಅರ್ಜಿ ಹಾಕಿತು. ಮಡು ಬತ್ತುತ್ತಿದೆ, ತಿಳಿದಂಡೆಯಲ್ಲೂ ಓಡಾಡಲು ತನಗೆ ಅವಕಾಶ ಬೇಕು ಎಂದು. ಅರ್ಜಿಯ ಪರವಾಗಿ ಮಾತಾಡುವವನು ಜಾರಪ್ಪ ಎಂದು ಕೇಳಿ ಕೆಂಚಕ್ಕ ನಿಂತಲ್ಲೇ ನಿಂತಳು. ಅವನ ಮಾತಿಗೆ ಸಭೆ ತಲೆದೂಗುತ್ತದೆಂದು ಅವಳಿಗೆ ಗೊತ್ತಿತ್ತು.

ಸಭೆಯಲ್ಲಿ ಒಂದು ಪದ್ಧತಿ ಇತ್ತು. ಮತ ಹಾಕುವ ದಿನ ಸದಸ್ಯರೆಲ್ಲ ಬೆಳಗಿನಿಂದ ಉಪವಾಸ ಬರಬೇಕು. ಬೇರೆಯವರ ಮನೆಯಲ್ಲಿ ಉಂಡು ಬಂದವರು ಅವರ ಪರವಾಗಿಯೇ ಮಾತಾಡುತ್ತಾರೆಂದು ಹಿರಿಯರು ಮಾಡಿದ ಏರ್ಪಾಡು ಅದು. ಪ್ರತಿಯೊಬ್ಬರೂ ಪಕ್ಕದವರ ಬಾಯಿ ಮೂಸಿ ನೋಡಿ, "ಬಾಯಿ ಶುದ್ಧ" ಎಂದು ಗಟ್ಟಿಯಾಗಿ ಹೇಳಬೇಕು. ಹೇಳಿ ಹೇಳಿ ರೂಢಿಯಾಗಿ, ಈಗೀಗ ಯಾರೂ ಮೂಸುತ್ತಲೇ ಇರಲಿಲ್ಲ.

ಅರ್ಜಿಗೆ ಮತ ಹಾಕುವ ದಿನ ಜಾರಪ್ಪನ ಬಾಯಿ ನೋಡುವ ಸರದಿ ಕೆಂಚಕ್ಕನದು. ಅವಳು ಮೂತಿ ಚಾಚಿದಳು. ಮೀನಿನ ವಾಸನೆ ಬಂತು. ಅದು ಯಾವಾಗಲೂ ಬರುತ್ತಿದ್ದುದೇ. ಆದರೆ ಅವನ ಮೀಸೆಗೆ ಒಂದು ಹುರುಪೆ ಅಂಟಿತ್ತು. ಮೀನಿನ ಮೈಮೇಲಿನ ಹುರುಪೆ. ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

ಕೆಂಚಕ್ಕ ಮೂತಿ ಹಿಂದಕ್ಕೆಳೆದುಕೊಂಡಳು.

"ಹೇಳಿಬಿಡಕ್ಕಾ, ಎಲ್ಲರೂ ಕಾಯುತ್ತಿದ್ದಾರೆ" ಎಂದು ಜಾರಪ್ಪ ಪಿಸುಗುಟ್ಟಿದ.

"ನೀರುನಾಯಿಯ ಬಾಯಲ್ಲಿ ಮಲ್ಲಿಗೆಯ ವಾಸನೆ ಬರುತ್ತದೆಯೇ ಕೆಂಚಕ್ಕಾ? ಬೇಗ ಮುಗಿಸು ಮಾರಾಯ್ತಿ, ಹೊಟ್ಟೆ ಚುರುಗುಟ್ಟುತ್ತಿದೆ!" ಎಂದಿತು ಕೋತಿಗಳ ಪರವಾಗಿ ಬಂದಿದ್ದ ಮುಸುವ. ಸಭೆ ಗೊಳ್ಳೆಂದು ನಕ್ಕಿತು.

"ಬಾಯಿ ಶುದ್ಧ" ಎಂಬ ಎರಡು ಮಾತು ಹೇಳಿದ್ದರೆ ಸಾಕಿತ್ತು. ಗೆಳೆಯ ಉಳಿಯುತ್ತಿದ್ದ. ಕೆಂಚಕ್ಕ ಒಮ್ಮೆ ದೂರದಲ್ಲಿ ಹುಲ್ಲು ಮೂಸುತ್ತಿದ್ದ ತನ್ನ ಮರಿಯನ್ನು ನೋಡಿದಳು.

"ಶುದ್ಧವಿಲ್ಲ" ಎಂದಳು. "ಮೀಸೆಯಲ್ಲಿ ಹಸಿ ಹುರುಪೆ ಇದೆ."

ನಗು ನಿಂತುಹೋಯಿತು. ಸಭೆಯ ಅಧ್ಯಕ್ಷೆ ಆನೆಯಜ್ಜಿ ಕಿವಿ ಬೀಸುವುದನ್ನು ನಿಲ್ಲಿಸಿದಳು.

"ಅಕ್ಕಾ, ನೀನಾ ಹೀಗೆ ಹೇಳುವುದು?" ಎಂದ ಜಾರಪ್ಪ. ಆಮೇಲೆ ಸಭೆಯ ಕಡೆ ತಿರುಗಿ, "ಹಸಿವು ತಡೆಯಲಾಗಲಿಲ್ಲ. ಒಂದು ಮೀನು ಹಿಡಿದು ತಿಂದೆ. ನನ್ನ ಮೀನು, ನನ್ನ ಹೊಟ್ಟೆ. ಅದೇನು ಅಷ್ಟು ದೊಡ್ಡ ತಪ್ಪೇ?" ಎಂದ.

"ನೀನೇ ಹಿಡಿದೆಯಾ?" ಕೆಂಚಕ್ಕನ ದನಿ ಮೆತ್ತಗಿತ್ತು. "ನಿನ್ನ ಮೈಮೇಲೆ ಇಷ್ಟು ಧೂಳಿದೆಯಲ್ಲ. ನೀರಿಗಿಳಿಯದೆ ಮೀನು ಹೇಗೆ ಸಿಕ್ಕಿತು ಜಾರಪ್ಪ?"

ಜಾರಪ್ಪ ಗಡಿಬಿಡಿಯಿಂದ ಮೈಯ ಧೂಳು ಕೊಡವಿಕೊಳ್ಳತೊಡಗಿದ. ತನ್ನ ಪರ ಮಾತಾಡುವವನೇ ಸಿಕ್ಕಿಬಿದ್ದನೆಂದು ಮಡುವಯ್ಯನಿಗೆ ಗಾಬರಿಯಾಯಿತು. ಮೊಸಳೆ ನೀರಿನಿಂದ ತಲೆಯೆತ್ತಿ ಕೂಗಿತು.

"ಪಾಪ, ಅವನನ್ನೇಕೆ ಗೋಳಾಡಿಸುತ್ತೀರಿ? ಮೀನು ಕೊಟ್ಟವನು ನಾನು! ಸದಸ್ಯರು ನೀರಿಗಿಳಿದು ದಣಿಯಬಾರದೆಂದು ದಿನಾ ಕೊಡುತ್ತೇನೆ. ಇವತ್ತೇನು ಹೊಸದೇ?"

"ದಿನಾ ಕೊಡುತ್ತೀಯಾ?" ಎಂದಳು ಆನೆಯಜ್ಜಿ.

ಮಾತು ಜಾರಿತೆಂದು ಮಡುವಯ್ಯನಿಗೆ ತಿಳಿಯಿತು. ಗುಳುಗುಳು ಸದ್ದು ಮಾಡುತ್ತಾ ಮುಳುಗಿತು.

"ಇವನನ್ನು ಕಾಡಿನಿಂದಲೇ ಓಡಿಸಿ!" ಎಂದು ಕಾಡುಹಂದಿ ಗುಟುರು ಹಾಕಿತು.

"ಬೇಡ" ಎಂದಳು ಕೆಂಚಕ್ಕ. "ನಮ್ಮ ಮರಿಗಳನ್ನು ಕಾಯುವ ಕಾನೂನು ಬಂದದ್ದು ಇವನಿಂದಲೇ. ಅದನ್ನೂ ಮರೆಯಬಾರದು. ಆದರೆ ಇವನು ಇವತ್ತು ಮತ ಹಾಕಕೂಡದು."

ಆನೆಯಜ್ಜಿ ತೀರ್ಪು ಹೇಳಿದಳು. "ಜಾರಪ್ಪ, ಸದಸ್ಯರ ಬಂಡೆಯಿಂದ ಕೆಳಗಿಳಿ. ನೀರುನಾಯಿಗಳು ಬೇರೊಬ್ಬರನ್ನು ಕಳಿಸಲಿ. ಇಳಿಯುವ ಮುಂಚೆ ಮಾಡಿದ್ದನ್ನು ನಿನ್ನ ಬಾಯಿಂದಲೇ ಹೇಳು."

ಜಾರಪ್ಪ ಮೊದಲು ತಲೆ ತಗ್ಗಿಸಿದ. ಆಮೇಲೆ ಎಲ್ಲವನ್ನೂ ಹೇಳಿದ. ಮೊದಲ ದಿನ ಬೇಡವೆಂದದ್ದು, ಎರಡನೆಯ ದಿನ ಒಂದೇ ಒಂದು ಎಂದದ್ದು, ಆಮೇಲೆ ಮೀನಿಗಾಗಿ ಕಾದು ಕುಳಿತದ್ದು. ಹೇಳುತ್ತಾ ಹೇಳುತ್ತಾ ಅವನ ದನಿ ತಿಳಿಯಾಯಿತು. ನಂತರ ಬಂಡೆಯಿಂದ ಇಳಿದ.

ಅರ್ಜಿ ಬಿದ್ದುಹೋಯಿತು. ಕಾನೂನು ಉಳಿಯಿತು.

ಸಂಜೆ ಕೆಂಚಕ್ಕ ಮರಿಯೊಂದಿಗೆ ತಿಳಿದಂಡೆಗೆ ಬಂದಳು. ಜಾರಪ್ಪ ಅಲ್ಲೇ ಕುಳಿತಿದ್ದ. ಅವಳು ಅವನ ಪಕ್ಕದಲ್ಲಿ ಬಂದು ನಿಂತಳು.

"ಕೋಪವೇ?" ಎಂದು ಕೇಳಿದಳು.

"ಬೆಳಗ್ಗೆ ಇತ್ತು ಅಕ್ಕಾ. ಈಗ ಹಗುರವಾಗಿದೆ" ಎಂದ ಜಾರಪ್ಪ. "ನಿನ್ನ ಮರಿಯ ಮುಖ ನೋಡಲಾಗದೆ ಎಷ್ಟೋ ದಿನದಿಂದ ಈ ಕಡೆ ಬಂದೇ ಇರಲಿಲ್ಲ."

ಅವನು ನೀರಿಗೆ ಧುಮುಕಿದ. ಮೊದಲ ಸಲ ಮೀನು ತಪ್ಪಿಸಿಕೊಂಡಿತು, ಎರಡನೆಯ ಸಲವೂ ತಪ್ಪಿಸಿಕೊಂಡಿತು. ಅದನ್ನು ನೋಡಿ ಮರಿಗೆ ತಮಾಷೆಯೆನಿಸಿತು. ಮುಂಗಾಲೆರಡನ್ನೂ ನೀರಿನಲ್ಲಿ ಊರಿ, ಕಿವಿ ಅಲ್ಲಾಡಿಸುತ್ತಾ ಹೊಟ್ಟೆ ತುಂಬ ನೀರು ಕುಡಿಯಿತು. ಕೆಂಚಕ್ಕ ಮಡುವಿನ ಕಡೆ ನೋಡದೆ, ತಾನೂ ತಲೆ ಬಗ್ಗಿಸಿ ಕುಡಿದಳು.

ನೀತಿ: ಎಲ್ಲರ ಪರವಾಗಿ ಮಾತಾಡಲು ಕುಳಿತವರು ಒಬ್ಬರ ಮನೆಯ ತುತ್ತಿಗೆ ಬಾಯಿ ತೆರೆಯಬಾರದು; ತೆರೆದರೆ ಆ ತಪ್ಪನ್ನು ಎದುರಿಗೇ ಹೇಳುವವರೇ ನಿಜವಾದ ಗೆಳೆಯರು.