ಬಳೆಗಾರನೂ ಹತ್ತೊಂಬತ್ತರ ನಟ್ಟೂ

"ಅಜ್ಜಾರ, ಎಷ್ಟ್ ದೊಡ್ಡ ದೊಡ್ಡ ಮಾತು ಕೇಳೀನಿ, ಎಲ್ಲಾ ಖರೆ ಅನಸ್ತಾವ. ಆದ್ರೂ ನನ್ನ ಮನಸಿನ ಗಂಟು ಯಾಕ ಸಡ್ಲ ಆಗವಲ್ದು?"

ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರನ್ನು ಹೀಗೆ ಕೇಳಿದವನು ಶಂಭುಲಿಂಗನೆಂಬ ಶಿಷ್ಯ. ಅವನಿಗೂ ಅವನ ಒಡಹುಟ್ಟಿದ ತಮ್ಮನಿಗೂ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಹತ್ತು ಜನರ ಎದುರು ತಮ್ಮ, ಇನ್ನು ಮುಂದೆ ನೀನು ನನಗೆ ಅಣ್ಣನಲ್ಲ ಎಂದುಬಿಟ್ಟಿದ್ದ. ಆ ಮಾತನ್ನು ಶಂಭುಲಿಂಗ ಮಠಕ್ಕೆ ಬಂದವರಿಗೆಲ್ಲ ಒಪ್ಪಿಸುತ್ತಿದ್ದ. ಈಗ ತಮ್ಮನ ಮಗಳ ಮದುವೆಯ ಕರೆಯೋಲೆ ಬಂದಿತ್ತು. ಮದುವೆಗೆ ಇನ್ನು ನಾಲ್ಕೇ ದಿನ. ಹೋಗಬೇಕೆಂದು ಮನಸ್ಸಿತ್ತು, ಕಾಲು ಏಳುತ್ತಿರಲಿಲ್ಲ. ಕ್ಷಮೆಯ ಬಗ್ಗೆ ಹಿರಿಯರು ಹೇಳಿದ ಮಾತುಗಳನ್ನು ಬರೆದಿಟ್ಟುಕೊಂಡ ಮೂರು ನೋಟುಬುಕ್ಕು ಅವನಲ್ಲಿದ್ದವು.

ಅಜ್ಜಾರು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಮೊದಲು ಬಳೆಯ ಮಲಾರ ಹೆಗಲಿಗೇರಿಸಿ ತಿರುಗಿದವನು, ಆಮೇಲೆ ಹಳೆಯದೊಂದು ಕಾರು ಕೊಂಡು ಅದರಲ್ಲೇ ಬಳೆ ತುಂಬಿಕೊಂಡು ಊರೂರು ಸುತ್ತುತ್ತಿದ್ದ. ಹೆಣ್ಣುಮಕ್ಕಳ ಕೈಯನ್ನು ಒಮ್ಮೆ ಅದುಮಿ ನೋಡಿದರೆ ಅಳತೆ ಹೇಳಿಬಿಡುತ್ತಿದ್ದ. ಯಾರಾದರೂ ನೋಯುತ್ತದೆ, ಸ್ವಲ್ಪ ದೊಡ್ಡದು ಕೊಡು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಸಲೀಸಾಗಿ ಏರಿದ ಬಳೆ ಸಲೀಸಾಗಿಯೇ ಇಳಿಯುತ್ತದೆ ತಾಯಿ, ನಾಳೆ ರೊಟ್ಟಿಯ ಹಿಟ್ಟಿನಲ್ಲಿ ಹುಡುಕುತ್ತೀಯ ಎಂದು ಗದರುತ್ತಿದ್ದ.

ಅವನ ಮಗಳು ಚೊಚ್ಚಲ ಬಸುರಿ. ಗಂಡನ ಮನೆಯಲ್ಲಿ ಅವಳಿಗೆ ಕುಬಸದ, ಅಂದರೆ ಸೀಮಂತದ, ಕಾರ್ಯ ಇಟ್ಟಿದ್ದರು. ತವರಿನ ಹಸಿರು ಬಳೆ ಕೈಗೆ ಏರಬೇಕು, ಆಮೇಲೆಯೇ ಆರತಿ. ಊರಿಗೆಲ್ಲ ಬಳೆ ತೊಡಿಸಿದವನು ಸ್ವಂತ ಮಗಳ ಕುಬಸಕ್ಕೆ ತಡವಾಗಿ ಹೋದರೆ ಬೀಗರ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು? ಬೆಳಿಗ್ಗೆಯೇ ಹೊರಟ. ಅರ್ಧ ದಾರಿಯಲ್ಲಿ ಕಾರಿನ ಹಿಂದಿನ ಗಾಲಿ ಪಂಚರ್ ಆಯಿತು.

ಸ್ಟೆಪ್ನಿ ಇತ್ತು, ಜಾಕು ಇತ್ತು. ಗಾಲಿಯ ನಟ್ಟು ಬಿಚ್ಚುವ ಪಾನಾ ಮಾತ್ರ ಇರಲಿಲ್ಲ. ಅದರ ಬದಲು ಸಂತೆಯಲ್ಲಿ ಕೊಂಡ ಸಾಕೆಟ್ಟುಗಳ ಡಬ್ಬಿಯೊಂದಿತ್ತು. ಸಾಕೆಟ್ಟು ಎಂದರೆ ನಟ್ಟಿನ ತಲೆಗೆ ಟೊಪ್ಪಿಗೆ ಹಾಕಿದಂತೆ ಕೂರುವ ಕಬ್ಬಿಣದ ಬಟ್ಟಲು. ಒಂದೊಂದರದು ಒಂದೊಂದು ಅಳತೆ. ತುಕ್ಕು ಹಿಡಿದು ಯಾವುದರ ಮೇಲಿನ ನಂಬರೂ ಕಾಣುತ್ತಿರಲಿಲ್ಲ.

ಅವಸರದವನ ಕೈ ದೊಡ್ಡದಕ್ಕೇ ಹೋಗುತ್ತದೆ. ಬಳೆಗಾರ ಎಲ್ಲಕ್ಕಿಂತ ದೊಡ್ಡದನ್ನು ತೊಡಿಸಿ ನೋಡಿದ. ಅದು ಗಡಗಡ ಆಡಿತು. ಅದಕ್ಕಿಂತ ಒಂದು ಅಳತೆ ಸಣ್ಣದನ್ನು ತೊಡಿಸಿದ. ಅದು ಮೆತ್ತಗೆ ಹೋಗಿ ಕೂತಿತು. ಇದೇ ಸರಿ ಎಂದುಕೊಂಡು ಹಿಡಿ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಸಾಕೆಟ್ಟು ತಿರುಗಿತು, ನಟ್ಟು ತಿರುಗಲಿಲ್ಲ. ಹಾಳು ನಟ್ಟು ಹಟಮಾರಿ ಎಂದು ಬೈದು ಇನ್ನೂ ಜೋರಾಗಿ ಒತ್ತಿದ. ನಟ್ಟಿಗೆ ಇರುವುದೇ ಆರು ಮೂಲೆ. ಮೂಲೆಗಳೆಲ್ಲ ಸವೆದು ಅದು ದುಂಡಗಾಗುತ್ತ ಬಂತು. ಹೊತ್ತು ನೆತ್ತಿಗೇರುತ್ತಿತ್ತು. ಅವನಿಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ಇಳಿದು ಬಂದ. ಸವೆದ ನಟ್ಟನ್ನು ನೋಡಿದ, ಬಳೆಗಾರನ ಕೈಯಲ್ಲಿದ್ದ ಸಾಕೆಟ್ಟನ್ನು ನೋಡಿದ. ಅವನಿಗೆ ಎಲ್ಲವೂ ತಿಳಿಯಿತು.

"ಯಜಮಾನ್ರ, ದೊಡ್ಡದರಿಂದ ಇಳೀಬ್ಯಾಡ್ರಿ, ಸಣ್ಣದರಿಂದ ಏರ್ರಿ. ದೊಡ್ಡದು ಎಲ್ಲಾ ನಟ್ಟಿಗೂ ಹೋಗ್ತೈತಿ, ಯಾವದನ್ನೂ ಹಿಡಿಯಂಗಿಲ್ಲ."

ಹಾಗೆಂದವನು ಡಬ್ಬಿಯಿಂದ ಸಣ್ಣ ಸಾಕೆಟ್ಟೊಂದನ್ನು ತೆಗೆದು ಪಕ್ಕದ ಒಳ್ಳೆಯ ನಟ್ಟಿಗೆ ಹಿಡಿದ. ಹೋಗಲಿಲ್ಲ. ಅದಕ್ಕಿಂತ ದೊಡ್ಡದು. ಅದೂ ಹೋಗಲಿಲ್ಲ. ಮತ್ತೊಂದು ಕೂಡ ಒಲ್ಲೆನೆಂದಿತು. ಅದರ ಮುಂದಿನದು ಸ್ವಲ್ಪ ಹಟ ಮಾಡಿ, ಅಂಗೈಯಿಂದ ಗುದ್ದಿದ ಮೇಲೆ ಒಳಗೆ ಹೋಯಿತು. ಒಮ್ಮೆ ಒತ್ತಿದ. ನಟ್ಟು ಕಿರ್ ಎಂದು ಸಡಿಲಾಯಿತು. ಉಳಿದ ಒಳ್ಳೆಯ ನಟ್ಟುಗಳೂ ಹಾಗೆಯೇ ಬಿಚ್ಚಿಕೊಂಡವು. ಆ ಸಾಕೆಟ್ಟಿನ ತುಕ್ಕು ಒರೆಸಿ ನೋಡಿದರೆ ಹತ್ತೊಂಬತ್ತು. ಬಳೆಗಾರ ಗುದ್ದಾಡಿದ್ದು ಇಪ್ಪತ್ತೊಂದರಲ್ಲಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದಂತಾಯಿತಲ್ಲ ಎಂದು ಬಳೆಗಾರ ಹಣೆ ಚಚ್ಚಿಕೊಂಡ. ಮೂವತ್ತು ವರ್ಷ ಹೆಂಗಸರಿಗೆ ಅವನು ಹೇಳುತ್ತ ಬಂದದ್ದೂ ಟ್ರ್ಯಾಕ್ಟರಿನವನು ಹೇಳಿದ ಈ ಮಾತೇ ಆಗಿತ್ತು.

ಆದರೆ ಮೂಲೆ ಸವೆದ ನಟ್ಟಿಗೆ ಹತ್ತೊಂಬತ್ತರದೂ ಸಡಿಲವಾಗಿತ್ತು. ಅದಕ್ಕೆ ಹದಿನೆಂಟರದನ್ನು ಸುತ್ತಿಗೆಯಿಂದ ಬಡಿದು ಬಡಿದು ಕೂರಿಸಬೇಕಾಯಿತು. ಬಡಿಯುವ ಮೊದಲು ಬಳೆಯ ಪೆಟ್ಟಿಗೆಗಳನ್ನೆಲ್ಲ ಕಾರಿನಿಂದ ಇಳಿಸಿ ಬೇವಿನ ಮರದ ಕೆಳಗಿಟ್ಟರು. ಒಂದು ಗಾಲಿ ಬಿಚ್ಚುವ ಕೆಲಸದಲ್ಲಿ ಮುಕ್ಕಾಲು ಪಾಲು ಹೊತ್ತನ್ನು ಆ ಒಂದು ನಟ್ಟೇ ತಿಂದಿತು.

ಬಳೆಗಾರ ಮಗಳ ಮನೆ ಮುಟ್ಟುವಾಗ ಬೀಗರು ಮುಖ ಗಂಟಿಕ್ಕಿಕೊಂಡಿದ್ದರು. ಮಗಳು ಮಾತ್ರ ಮಣೆ ಬಿಟ್ಟು ಎದ್ದಿರಲಿಲ್ಲ. ಅಪ್ಪನನ್ನು ಕಂಡವಳೇ ಎರಡೂ ಕೈ ಚಾಚಿದಳು. ಬಸುರಿಯ ಕೈ ತುಸು ಬಾತಿತ್ತು. ಅವಳು ನೋಯುತ್ತದೆ ಎಂದಳು. ಬಳೆಗಾರನ ಕಣ್ಣು ತುಂಬಿ ಬಂತು, ಆದರೂ ಅವನು ದೊಡ್ಡ ಬಳೆ ತೆಗೆಯಲಿಲ್ಲ. ಸಾವಕಾಶವಾಗಿ ಕೈ ಅದುಮಿ ಅದುಮಿ, ಒಂದೂ ಒಡೆಯದಂತೆ ಅವಳ ಕೈಯ ಸರಿಯಳತೆಯ ಬಳೆಗಳನ್ನೇ ತೊಡಿಸಿದ.

ಅಜ್ಜಾರು ಕತೆ ಮುಗಿಸಿದರು. ಶಂಭುಲಿಂಗನ ಮುಖ ಅರಳಿತ್ತು.

"ಭಾಳ ಚಲೋ ದೃಷ್ಟಾಂತ ಅಜ್ಜಾರ. ಮನಸಿಗೆ ಪೂರಾ ಒಪ್ಪಿತು."

ಹಾಗೆಂದು ಅವನು ನೋಟುಬುಕ್ಕು ಬಿಡಿಸಿ, ಹೊಸ ಪುಟದಲ್ಲಿ ಕತೆಯ ಹೆಸರು ಬರೆಯತೊಡಗಿದ. ಅಜ್ಜಾರು ಕೈ ಚಾಚಿ ಆ ನೋಟುಬುಕ್ಕನ್ನು ಮುಚ್ಚಿದರು.

"ಇದೂ ಸಲೀಸ ಏರಿತಂದ್ರ ಹಿಡದಿಲ್ಲೋ. ನಿನ್ನ ತಮ್ಮ ಅಂದದ್ದು ಒಂಬತ್ತು ವರ್ಷದಿಂದ ಕೇಳೀನಿ, ಅದಕ್ಕೂ ಮೊದಲ ಅವಗ ನೀ ಏನಂದಿದ್ದಿ?"