ಅಂಗಳ ನೋಡಿಕೊಂಡವನು

ಪೇಟೆಯ ನಡುವೆ ಒಂದು ಓಣಿ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಆ ಓಣಿಯಲ್ಲೊಂದು ಮಠವಿತ್ತು.

ಮಠದ ಮಹಾಂತಯ್ಯನವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರಿಗೆ ಒಬ್ಬನೇ ಶಿಷ್ಯ, ಉಳವಪ್ಪ.

ಮಠಕ್ಕೆ ಕಲ್ಲು ಹಾಸಿದ ಒಂದು ಚಿಕ್ಕ ಅಂಗಳ. ಸುತ್ತಲೂ ಎತ್ತರದ ಮನೆಗಳ ಹಿಂಗೋಡೆ. ಬಿಸಿಲು ಇಳಿಯುತ್ತಿದ್ದದ್ದು ನಡುಮಧ್ಯಾಹ್ನಕ್ಕೆ, ಅದೂ ಅಂಗಳದ ನಡುವೆ, ಒಂದು ಚಾಪೆಯಷ್ಟು ಜಾಗಕ್ಕೆ.

ಒಂದು ಮಳೆಗಾಲದ ಕೊನೆಗೆ ಅಜ್ಜಾರು ಅನುಷ್ಠಾನಕ್ಕೆಂದು ದೂರದ ಬೆಟ್ಟಕ್ಕೆ ಹೊರಟರು. ತಿರುಗಿ ಬರುವುದು ಯುಗಾದಿಗೆ.

“ಅಲ್ಲೀತನಕ ನಾ ಏನ್ ಮಾಡ್ಲ್ರಿ ಅಜ್ಜಾರ?” ಎಂದ ಉಳವಪ್ಪ.

“ಅಂಗಳ ನೋಡ್ಕೊ.”

ಅಷ್ಟು ಹೇಳಿ ಹೊರಟುಹೋದರು.

ಉಳವಪ್ಪ ಮಠಕ್ಕೆ ಬರುವ ಮೊದಲು ಸಾಹುಕಾರರ ಬಂಗಲೆಗಳಲ್ಲಿ ತೋಟ ಮಾಡುತ್ತಿದ್ದವನು. ಬರಿಗಲ್ಲಿನ ಆ ಅಂಗಳ ಕಂಡಾಗಲೆಲ್ಲ ಅವನಿಗೆ ಒಳಗೇ ನಾಚಿಕೆ. ಅಜ್ಜಾರು ಬಂದು ನೋಡುವಾಗ ಅವರ ಕಣ್ಣು ತಣಿಯಬೇಕು ಅಂದುಕೊಂಡ.

ಅಗಲಕ್ಕೆ ಜಾಗವಿರಲಿಲ್ಲ, ಎತ್ತರಕ್ಕೆ ಇತ್ತು. ಗೋಡೆಗೆ ತಂತಿ ಬಿಗಿದು ಮಲ್ಲಿಗೆಬಳ್ಳಿ ಹಬ್ಬಿಸಲು ದಾರಿ ಮಾಡಿದ. ಮೇಲೆ ಹೋದಷ್ಟೂ ಅದಕ್ಕೆ ಬೆಳಕು. ನೆರಳಿನ ಮೂಲೆಗಳಿಗೆ ಕೆಸು, ಜರಿಗಿಡ. ಬಚ್ಚಲ ನೀರು ಹರಿಯುವ ಕಡೆ ಕಾಬಾಳೆ. ದಾಸವಾಳದಂಥ ಬಿಸಿಲು ಬೇಡುವ ಗಿಡಗಳಿಗೆ ಉಳಿದದ್ದು ನಡುವಿನ ಜಾಗ ಒಂದೇ. ಅಲ್ಲಿಯ ಕಲ್ಲುಗಳನ್ನು ಎಬ್ಬಿಸತೊಡಗಿದ.

ಆಗ ಹಾಲವ್ವ ಬಂದಳು, ಕಂಕುಳಲ್ಲಿ ಅರಿವೆಯ ಗಂಟು.

ಹಳೆಯ ಸೀರೆ ಧೋತರದ ತುಂಡು ಜೋಡಿಸಿ ಕೌದಿ ಹೊಲಿದು ಬದುಕುವ ಒಂಟಿ ಮುದುಕಿ ಅವಳು. ಮನೆ ಕತ್ತಲೆ. ಎಷ್ಟೋ ವರ್ಷದಿಂದ ಮಧ್ಯಾಹ್ನಕ್ಕೆ ಮಠಕ್ಕೆ ಬಂದು, ಬಿಸಿಲಿಗೆ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು.

“ಎಲ್ಲಿ ಹಾಸ್ಲೋ ತಮ್ಮಾ?”

“ಇನ್ನ ಇಲ್ಲಿ ಆಗೂದಿಲ್ಲ ಯವ್ವಾ.”

“ಅಜ್ಜಾರು ಹೇಳ್ಯಾರೇನು?”

ಉಳವಪ್ಪನ ಕೈಯಲ್ಲಿ ಹಾರೆ ಇತ್ತು. ಬುಡಕ್ಕೆ ಒದ್ದೆ ಗೋಣಿ ಸುತ್ತಿದ ಗಿಡಗಳು ಬಾಡುತ್ತಿದ್ದವು. ಮಾತು ಬೆಳೆಸುವ ಮನಸ್ಸಿರಲಿಲ್ಲ.

“ಹೂಂ. ಅವರ ಅಪ್ಪಣಿ.”

“ಹಂಗಾದ್ರ ಆತು ಬಿಡು,” ಎಂದಳು ಹಾಲವ್ವ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು.

ಯುಗಾದಿಗೆ ಅಜ್ಜಾರು ಬಂದರು. ಓಣಿಯವರು ಅಂಗಳದ ಬಾಗಿಲಲ್ಲಿ ನಿಂತು ಉಳವಪ್ಪನನ್ನು ಹೊಗಳಿದರು. ಅಜ್ಜಾರು ಒಂದೊಂದೇ ಗಿಡದ ಮುಂದೆ ನಿಂತರು. ಮಲ್ಲಿಗೆ ಮೊಗ್ಗನ್ನು ಬೆರಳ ತುದಿಯಿಂದ ಎತ್ತಿ ನೋಡಿದರು.

“ಭಾಳ ಚಂದ ಮಾಡೀಯೋ ಉಳವಪ್ಪಾ.”

ಉಳವಪ್ಪನ ಕಣ್ಣು ತುಂಬಿತು.

ಬಿಸಿಲು ನಡುವಿನ ಮಡಿಗೆ ಇಳಿಯಿತು. ದಾಸವಾಳ ಕೆಂಡದ ಹಾಗೆ ಹೊಳೆಯಿತು. ಅಜ್ಜಾರು ಹೂವು ನೋಡಲಿಲ್ಲ, ಬಾಗಿಲ ಕಡೆ ನೋಡಿದರು.

“ಹಾಲವ್ವ ಬರಲಿಲ್ಲಲ್ಲ?”

“ಈಗ ಬರೂದಿಲ್ರಿ.”

“ಯಾಕ?”

ಉಳವಪ್ಪ ಗಿಡಗಳನ್ನು ನೋಡಿದ, ನೆಲ ನೋಡಿದ.

ಅಜ್ಜಾರು ದಣಿವನ್ನೂ ಆರಿಸಿಕೊಳ್ಳದೆ ಹೊರಟರು. ಉಳವಪ್ಪ ಹಿಂದೆ ನಡೆದ. ಹಾಲವ್ವನ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯಾಕೆ ಸೆರಗು ಹೊದ್ದು ಹೊರಗೆ ಬಂದಳು.

“ಚಿಮಣಿ ಬೆಳಕಿನ್ಯಾಗ ಹೊಲೀತಿದ್ಲ್ರಿ. ಮೊದಲ ಕಣ್ಣು ಮಂಜು. ಬೆರಳೆಲ್ಲ ಸೂಜಿ ಚುಚ್ಚಿಸ್ಕೊಂಡ್ಲು. ಆಮ್ಯಾಲೆ ಸೂಜಿಯೂ ಕಾಣದಂಗಾತು. ತಂಗಿ ಮಗ ಬಂದು ಅವರೂರಿಗೆ ಕರ್ಕೊಂಡು ಹ್ವಾದ.”

“ಉಳವಪ್ಪಗ ಒಂದು ಮಾತು ಹೇಳಬೇಕಿತ್ತು,” ಎಂದರು ಅಜ್ಜಾರು.

“ನಾನೂ ಅದನ್ನ ಅಂದೆ. ಅಜ್ಜಾರಿಗೇ ಬ್ಯಾಡಾದ ಮ್ಯಾಲೆ ಇನ್ಯಾರನ್ನ ಕೇಳೂದು ಅಂದ್ಲು.”

ಅಜ್ಜಾರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಹಂಗ ನಾ ಅಂದಿದ್ನೇನೋ?”

“ಇಲ್ರಿ,” ಎಂದ ಉಳವಪ್ಪ. “ನಿಮ್ಮ ಹೆಸರು ನಾನ ಹೇಳಿದೆ.”

ಅಜ್ಜಾರು ತಿರುಗಿ ನಡೆದರು. ಮಠದ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದರು:

“ನೋಡ್ಕೊ ಅಂದೆ. ಆಕಿ ಹೆಸರು ಹೇಳಲಾರದ ಹ್ವಾದೆ. ನಂದೂ ತಪ್ಪೈತಿ.”

ಮರುದಿನ ಉಳವಪ್ಪ ಹಾಲವ್ವ ಇದ್ದ ಊರಿಗೆ ಹೋದ. ಅವಳು ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಳು. ಕೈಗಳು ಖಾಲಿ ಇದ್ದವು. ದನಿ ಕೇಳಿಯೇ ಗುರುತು ಹಿಡಿದಳು.

“ಉಳವಪ್ಪನೇನೋ? ಗಿಡ ಬೇರು ಹಿಡದಾವೇನು?”

ಉಳವಪ್ಪ ಅವಳ ಕಾಲ ಬಳಿ ಕುಸಿದ.

“ಯವ್ವಾ, ಅಜ್ಜಾರು ಅಂದಿರಲಿಲ್ಲ. ಅದು ನನ್ನ ಮಾತು.”

ಹಾಲವ್ವನ ಮುಖ ಒಂದು ಸಲ ಬೆಳಗಿದಂತಾಗಿ ಮತ್ತೆ ಇಳಿಯಿತು.

“ಅದನ್ನ ಅವತ್ತ ಹೇಳಿದ್ದರ,” ಎಂದಳು, “ಮೂಲ್ಯಾಗರ ಕೂಡ್ತಿದ್ದೆ.”

“ಈಗ ಬಾ ಯವ್ವಾ. ಎಲ್ಲಾ ಕಿತ್ತು ತಗೀತೀನಿ. ಮೊದಲಿನಂಗ ಕಲ್ಲು ಹಾಸ್ತೀನಿ.”

“ಬಂದು ಏನ್ ಮಾಡ್ಲೋ ತಮ್ಮಾ? ಬಿಸಲು ಮೈಗಷ್ಟ ತಿಳೀತೈತಿ ಈಗ.” ಕೈಯಾಡಿಸಿ ಅವನ ತಲೆ ಹುಡುಕಿ ಮುಟ್ಟಿದಳು. “ಅಜ್ಜಾರಿಗೆ ಶರಣು ಹೇಳು. ನನ್ನ ಮನಸಿನ್ಯಾಗ ಏನೂ ಇಲ್ಲ ಅನ್ನು.”

ಉಳವಪ್ಪ ಮಠಕ್ಕೆ ಬಂದವನು ನೇರ ಅಂಗಳಕ್ಕೆ ಹೋದ. ಹಾರೆ ಎತ್ತಿ ದಾಸವಾಳದ ಬುಡಕ್ಕೆ ಹಾಕಿದ. ಸದ್ದು ಕೇಳಿ ಅಜ್ಜಾರು ಹೊರಗೆ ಬಂದರು.

“ಹಾಲವ್ವ ಬರ್ತಾಳೇನು?”

“ಇಲ್ರಿ. ಶರಣು ಹೇಳ್ಯಾಳ. ಮನಸಿನ್ಯಾಗ ಏನೂ ಇಲ್ಲ ಅಂದ್ಲು.”

“ಮತ್ತ ಇದನ್ಯಾಕ ಕೀಳಾಕತ್ತೀ?”

“ಇವನ್ನ ನೋಡಾಕ ಆಗವಲ್ದು ಅಜ್ಜಾರ. ಹಾಲವ್ವ ಎಲ್ಲಿ ಅಂತ ಎಲೆ ಎಲೆಯೂ ನನ್ನ ಕೇಳತಾವು. ಒಂದೂ ಉಳೀಬಾರದು.”

ಅಜ್ಜಾರು ಅವನ ಕೈಯಿಂದ ಹಾರೆ ಬಿಡಿಸಿಕೊಂಡರು. ಬಗ್ಗಿ, ಬುಡದಲ್ಲಿ ಬಿರಿದ ಮಣ್ಣನ್ನು ಕೈಯಿಂದಲೇ ಒತ್ತಿ ಮುಚ್ಚಿದರು.

“ನಿನ್ನ ಮನಸ್ಸು ಹಗುರಾಗಲಿ ಅಂತ ಇವು ಸಾಯಬೇಕೇನು? ಹೋಗು, ನೀರು ತಗೊಂಡು ಬಾ.”